ಮುಕ್ತ ವ್ಯಾಪಾರದ ಅಡಗಿದ ಇಂಧನ ವೆಚ್ಚ

ಸರಕು ದೇಶದಿಂದ ದೇಶಕ್ಕೆ ಸಾಗುವಾಗ ಉರಿದುಹೋಗುವ, ಆದರೆ ಅದರ ಬೆಲೆಯಲ್ಲಿ ಪೂರ್ತಿ ಕಾಣಿಸದ ಇಂಧನದ ಲೆಕ್ಕ. ಉತ್ತರ ಸಮುದ್ರದ ಕಂದು ಸಿಗಡಿ ಇದಕ್ಕೆ ಹೆಸರುವಾಸಿ ನಿದರ್ಶನ. ನೆದರ್ಲೆಂಡ್ಸ್‌ನ ಬಂದರಿಗೆ ಬಂದ ಸಿಗಡಿ ಶೀತಲ ಲಾರಿಯೇರಿ ಮೊರಾಕ್ಕೊಗೆ ಹೋಗುತ್ತದೆ. ಅಲ್ಲಿನ ಹೆಂಗಸರು ಒಂದೊಂದನ್ನೂ ಕೈಯಲ್ಲೇ ಸುಲಿದ ಮೇಲೆ ಮತ್ತೆ ಲಾರಿಯೇರಿ ಯುರೋಪಿನ ಅಂಗಡಿಗಳಿಗೆ ಮರಳುತ್ತದೆ. ಉಳಿಯುವ ಕೂಲಿಯ ಮುಂದೆ ಡೀಸೆಲ್ ಖರ್ಚು ವ್ಯಾಪಾರಿಗೆ ದೊಡ್ಡದೆನಿಸುವುದಿಲ್ಲ.

ಮಂಗಳೂರಿನ ಗೇರುಬೀಜ ಕಾರ್ಖಾನೆಗಳ ಕಥೆ ಇಷ್ಟು ಸಲೀಸಲ್ಲ. ಆಫ್ರಿಕಾದಿಂದ ಬರುವ ಕಚ್ಚಾ ಬೀಜದಲ್ಲಿ ತಿರುಳು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದು ಬಹುಪಾಲು ಸಿಪ್ಪೆ. ಆ ಭಾರವನ್ನೂ ಹಡಗೇ ಹೊರಬೇಕು. ಹಾಗೆಂದು ಸಿಪ್ಪೆ ದಂಡವೇನಲ್ಲ: ಅದರಿಂದ ಎಣ್ಣೆ ತೆಗೆಯುತ್ತಾರೆ, ಬಾಯ್ಲರಿಗೆ ಉರುವಲಾಗಿಯೂ ಹಾಕುತ್ತಾರೆ.

ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ಲಾರಿ, ವಿಮಾನಗಳಿಗಿಂತ ದೊಡ್ಡ ಹಡಗಿಗೆ ಬಹಳ ಕಡಿಮೆ ಇಂಧನ ಸಾಕು. ತೊಡಕಿರುವುದು ಒಟ್ಟು ಮೊತ್ತದಲ್ಲಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಅಧ್ಯಯನದ ಪ್ರಕಾರ, 2018ರಲ್ಲಿ ಮನುಷ್ಯರಿಂದಾದ ಇಂಗಾಲದ ಡೈಆಕ್ಸೈಡ್‌ನಲ್ಲಿ ಹಡಗುಗಳ ಪಾಲು ಶೇ. 2.89.

ಅದರ ಹೊಣೆ ಯಾರದು? 1997ರ ಕ್ಯೋಟೊ ಒಪ್ಪಂದ ವಿದೇಶಯಾನದ ಇಂಧನವನ್ನು ಯಾವ ದೇಶದ ಗುರಿಗೂ ಸೇರಿಸಲಿಲ್ಲ. ಹಡಗುಗಳ ಹೊಗೆ ತಗ್ಗಿಸುವ ಕೆಲಸವನ್ನು ಇದೇ ಕಡಲ ಸಂಸ್ಥೆಗೆ ಬಿಟ್ಟಿತು. ಐರೋಪ್ಯ ಒಕ್ಕೂಟ ಮಾತ್ರ 2024ರಿಂದ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳ ಇಂಗಾಲಕ್ಕೆ ಬೆಲೆ ಕಟ್ಟಲು ಆರಂಭಿಸಿದೆ. ಅದೇ ಹೊತ್ತಿಗೆ ಕೆಂಪು ಸಮುದ್ರದಲ್ಲಿ ದಾಳಿಗಳು ಹೆಚ್ಚಿ, ಏಷ್ಯಾ-ಯುರೋಪ್ ನಡುವಿನ ಅನೇಕ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು, ಹೆಚ್ಚು ಇಂಧನ ಉರಿಸುತ್ತ ಆಫ್ರಿಕಾವನ್ನೇ ಸುತ್ತಿ ಹೋಗತೊಡಗಿದವು.