ಒಂದು ಆಂಗ್ಲ ಶಬ್ದದ ಪೂರ್ವಚರಿತ್ರೆ

ಕ್ರಿ.ಶ. 1774ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೊಳಗಣ ಒಂದನೆಯ ಎಡ್ವರ್ಡ್ ದೊರೆಯ ಸಮಾಧಿಯನ್ನು ಅಲ್ಲಿಯ ಪ್ರಾಚೀನಶೋಧಕರು ತೆರೆದು ನೋಡಿದರು. 1307ರಲ್ಲಿ ತೀರಿಕೊಂಡಿದ್ದ ಆ ಅರಸನ ಕಳೇಬರವನ್ನು ಅಳೆಯಲಾಗಿ ಅದು 6 ಅಡಿ 2 ಅಂಗುಲವಿದ್ದಿತು. ಈತನು ಎದುರಿಗಿದ್ದವರು ತಲೆಯೆತ್ತಿ ನೋಡಬೇಕಾದ ಆಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವನಿಗೆ ಸಂದ ಅಡ್ಡಹೆಸರು 'ಲಾಂಗ್‌ಶ್ಯಾಂಕ್ಸ್', ಎಂದರೆ ನೀಳಗಾಲಿನವನು, ಎಂದು. ಇಂಥ ಆಳನ್ನು ಕಂಡೊಡನೆ ಇಂದಿನ ಇಂಗ್ಲಿಷರ ಬಾಯಿಗೆ ಬರುವ 'ಟಾಲ್' ಎಂಬ ಮಾತು ಆ ಹೆಸರಿನಲ್ಲಿಲ್ಲ. ಇರುವಂತೆಯೂ ಇರಲಿಲ್ಲ; ಎಡ್ವರ್ಡನ ಕಾಲದಲ್ಲಿ ಆ ಶಬ್ದಕ್ಕೆ ಎತ್ತರವೆಂಬ ಅರ್ಥವೇ ಬಂದಿರಲಿಲ್ಲ. ಅವನ ತರುವಾಯ 1316ರಿಂದ 1322ರವರೆಗೆ ಫ್ರಾನ್ಸನ್ನಾಳಿದ ಐದನೆಯ ಫಿಲಿಪ್ಪನನ್ನೂ ಫ್ರೆಂಚರು 'ಉದ್ದನೆಯವನು' ಎಂದೇ ಕರೆದರು. ಅವನನ್ನು 'ಫಿಲಿಪ್ ದಿ ಟಾಲ್' ಎಂದು ಮಾಡಿದವರು ಬಹುಕಾಲದ ಮೇಲೆ ಬಂದ ಆಂಗ್ಲ ಇತಿಹಾಸಕಾರರು. ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಲಾರದು. ಉದ್ದನೆಯ ಆಳು ಎಂದು ನಮ್ಮಲ್ಲಿಯೂ ಹೇಳುವುದುಂಟಷ್ಟೆ.

ಹಾಗಾದರೆ ಆಗ 'ಟಾಲ್' ಎಂಬುದರ ಅರ್ಥವೇನಿದ್ದಿತು? ಪ್ರಾಚೀನ ಆಂಗ್ಲದಲ್ಲಿ ಇದರ ಮೂಲರೂಪ 'ಗೆಟ್ಯಾಲ್' ಎಂದು. ಅದರ ಅರ್ಥ ಚುರುಕಾದ, ಸಿದ್ಧನಾದ ಎಂದಿಷ್ಟೆ. ಪ್ರಾಚೀನ ಜರ್ಮನ್ ಭಾಷೆಯಲ್ಲಿಯೂ ಇದಕ್ಕೊಂದು ಸೋದರಶಬ್ದವಿದ್ದು, ಅದೂ ವೇಗವನ್ನೇ ಹೇಳುತ್ತದೆ. ಕರೆದ ಕೂಡಲೆ ಎದ್ದುಬರುವ ಆಳು, ಹೇಳಿದ ಕೆಲಸಕ್ಕೆ ತಡಮಾಡದ ಆಳು, ಇವನೇ ಆದಿಕಾಲದ 'ಟಾಲ್' ಮನುಷ್ಯ. ಅವನು ಗಿಡ್ಡನಾಗಿದ್ದರೂ ಬಾಧಕವಿರಲಿಲ್ಲ. ಈ ಸಿದ್ಧತೆಯ ಭಾವವು ವಿಧೇಯತೆಯ ಕಡೆಗೂ ಹೊರಳಿತು. 1400ರಲ್ಲಿ ಕಾಲವಾದ ಚಾಸರ್ ಕವಿಯು ಮಾರ್ಸನ ಪ್ರಲಾಪವನ್ನು ಕುರಿತ ತನ್ನ ಕಾವ್ಯದಲ್ಲಿ, ಯುದ್ಧದೇವತೆಯಾದ ಮಾರ್ಸನು ವೀನಸ್ ದೇವಿಯ ಇಚ್ಛೆಗೆ ಬಾಗಿದನೆಂದು ಹೇಳುವಲ್ಲಿ, 'ವಿನೀತ' ಎಂಬುದರ ಜೊತೆಗೆ ಈ ಶಬ್ದವನ್ನೇ ಇಟ್ಟಿದ್ದಾನೆ. ಯುದ್ಧದೇವತೆಯು ತಲೆತಗ್ಗಿಸಿ ನಿಂತುದಕ್ಕೆ 'ಟಾಲ್' ಎಂಬ ಹೆಸರು! ಇಂದಿನ ವಿದ್ಯಾರ್ಥಿಯು ಶಾಲೆಯ ನಿಘಂಟನ್ನು ಹಿಡಿದು ಆ ಸಾಲಿನ ಮುಂದೆ ಕುಳಿತರೆ ಅವನ ಗತಿಯೇನೆಂಬುದನ್ನು ಊಹಿಸಬಹುದು.

ಚಾಸರನ ಕಾಲದಿಂದ ಮುಂದೆ ಶಬ್ದವು ಬೇಗ ಬೇಗ ಹೆಜ್ಜೆಯಿಟ್ಟಿತು. ಕೆಲಸಕ್ಕೆ ಒದಗುವವನು ಯೋಗ್ಯನು. ಯೋಗ್ಯನಾದವನು ನೋಟಕ್ಕೂ ಒಪ್ಪುವವನು. ಆದಕಾರಣ 'ಟಾಲ್' ಎಂದರೆ ಸುಂದರನೆಂದಾಯಿತು. ಯುದ್ಧಗಳು ಮುಗಿಯದ ಆ ಶತಮಾನದಲ್ಲಿ ಯೋಗ್ಯತೆಯೆಂಬುದು ಮುಖ್ಯವಾಗಿ ಕತ್ತಿಯ ಯೋಗ್ಯತೆಯಾದುದರಿಂದ, ಶೂರನೆಂಬ ಅರ್ಥವೂ ಕೂಡಿಕೊಂಡಿತು. ಕೈಚಳಕವುಳ್ಳ ಕಟ್ಟಾಳಿಗೆ 'ಕೈಗಳಲ್ಲಿ ಟಾಲ್ ಆದವನು' ಎಂಬ ಪ್ರಶಂಸೆಯು ರೂಢಿಗೆ ಬಂದಿತು. ಎತ್ತರವೆಂಬ ಅರ್ಥವು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕೊನೆಗೆ, ಹದಿನಾರನೆಯ ಶತಮಾನದಲ್ಲಿ, ಸುಮಾರು 1530ರ ವೇಳೆಗೆ. ಪ್ರಾಯಶಃ ಶೂರನೆಂದಾಗ ಕೇಳುವವರ ಕಣ್ಣಿಗೆ ಬೆಳೆದು ನಿಂತ ದೃಢಕಾಯನು ಕಟ್ಟುತ್ತಿದ್ದನು. ಬರಬರುತ್ತ ಶೌರ್ಯವು ಮರೆಯಾಗಿ ಕಾಯದ ಅಳತೆಯೊಂದೇ ಉಳಿಯಿತು.

ಈ ಎರಡು ಅರ್ಥಗಳೂ ಏಕಕಾಲದಲ್ಲಿ ಬದುಕಿದ್ದುದಕ್ಕೆ ಷೇಕ್ಸ್‌ಪಿಯರ್ ಮಹಾಕವಿಯೇ ಸಾಕ್ಷಿ. 'ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಗಿಡ್ಡಿಯಾದ ಹರ್ಮಿಯಾ, ತನ್ನ ಗೆಳತಿಯು ತನಗಿಂತ ಎತ್ತರವಾಗಿರುವುದನ್ನು ಮೆರೆಸಿಯೇ ತನ್ನ ನಲ್ಲನನ್ನು ಸೆಳೆದುಕೊಂಡಳೆಂದು ಸಿಡಿಮಿಡಿಗೊಳ್ಳುವಾಗ ಈ ಶಬ್ದಕ್ಕೆ ಇಂದಿನ ಅರ್ಥವೇ. 'ರೋಮಿಯೋ ಮತ್ತು ಜೂಲಿಯೆಟ್' ಹೆಚ್ಚುಕಡಿಮೆ ಅದೇ ವರ್ಷಗಳ ಕೃತಿ; ಅಲ್ಲಿ ಮರ್ಕ್ಯೂಷಿಯೋ, ಕಂಡಕಂಡವರನ್ನು 'ಟಾಲ್' ಎಂದು ಹೊಗಳುವ ಷೋಕೀಲಾಲರನ್ನು ಅಣಕಿಸುವಾಗ ಅರ್ಥವು ಶೂರನೆಂದು. ಇನ್ನು 'ಟ್ವೆಲ್ಫ್ತ್ ನೈಟ್' ನಾಟಕದ ವಿನೋದವಂತೂ ಈ ಶಬ್ದವನ್ನರಿಯದವರಿಗೆ ಅರ್ಧಕ್ಕರ್ಧ ನಷ್ಟವೇ ಸರಿ. ಅಲ್ಲಿ ಸರ್ ಟೋಬಿಯು ತನ್ನ ಕುಡಿತದ ಸಂಗಾತಿಯಾದ ಸರ್ ಆಂಡ್ರೂವನ್ನು ಹೊಗಳುತ್ತ, ಇಲಿರಿಯಾ ದೇಶದಲ್ಲಿ ಇವನಷ್ಟು 'ಟಾಲ್' ಆದವನು ಇನ್ನಿಲ್ಲವೆನ್ನುತ್ತಾನೆ. ಮನೆಯ ಸೇವಕಿ ಮರಿಯಾ ಅದರಿಂದಾಗುವುದೇನೆಂದು ಕೇಳಿದರೆ, ಅವನಿಗೆ ವರ್ಷಕ್ಕೆ ಮೂರು ಸಾವಿರ ಡಕಟ್ಟುಗಳ ವರಮಾನವುಂಟೆಂದು ಉತ್ತರ. ಮುಂದೆ ಈ ಶೂರಶಿಖಾಮಣಿಯು ಗಂಡುವೇಷದ ಹೆಣ್ಣೊಬ್ಬಳೆದುರು ಕತ್ತಿ ಹಿಡಿಯಲು ಗಡಗಡನೆ ನಡುಗುತ್ತಾನೆ. ಎತ್ತರವೆಂದೇ ಓದಿಕೊಂಡವರಿಗೆ ಇಲ್ಲಿ ಹೊಗಳಿಕೆಗೂ ನಡುಕಕ್ಕೂ ಸಂಬಂಧವೇ ಕಾಣದು. ಕವಿಯು ಎರಡರ್ಥವನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರೂ ಇದ್ದಾನು.

ಆಕ್ಸ್‌ಫರ್ಡ್ ಮಹಾಕೋಶದಲ್ಲಿ ಈ ಅಕ್ಷರದ ಭಾಗವನ್ನು ಸ್ವತಃ ಸಂಪಾದಿಸಿದವರು ಜೇಮ್ಸ್ ಮರೆಯವರು. ಈ ಅರ್ಥವಿಕಾಸವು ಆ ಕೋಶಕ್ಕೂ ಸೋಜಿಗವಾಗಿಯೇ ತೋರಿತು. ಆದರೆ ಮೆಚ್ಚಿಕೆಯನ್ನು ಹೇಳುವ ಬೇರೆ ಶಬ್ದಗಳೂ ಹೀಗೆಯೇ ಅಲೆದುವೆಂದು ಅದು ಜೊತೆಗಾರರನ್ನು ತೋರಿಸಿತು. 'ಹ್ಯಾಂಡ್‌ಸಮ್' ಎಂದರೆ ಮೊದಲು ಕೈಗೆ ಸುಲಭವಾದುದು. 'ಪ್ರೆಟ್ಟಿ' ಎಂದರೆ ಕಪಟಿ. ನಮ್ಮಲ್ಲಿಯೂ ಇಂಥ ನಿದರ್ಶನಗಳಿಗೆ ಕೊರತೆಯಿಲ್ಲ. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಬಲಾತ್ಕಾರದ ಅಪರಾಧಕ್ಕೆ ಹೆಸರಾಗಿ ದಂಡನೆಗೆ ಗುರಿಯಾದ 'ಸಾಹಸ'ವು ಕನ್ನಡದಲ್ಲಿ ಬಹುಮಾನಕ್ಕೆ ಪಾತ್ರವಾಗಿದೆ.

ಹಳೆಯ ಅರ್ಥದ ಒಂದು ತುಣುಕು ಸಮುದ್ರದ ಮೇಲೆ ಉಳಿದುಕೊಂಡಿದೆ. 'ಟಾಲ್ ಷಿಪ್' ಎಂಬುದು ಹಿಂದೆ ಗಟ್ಟಿಮುಟ್ಟಾದ, ದಿಟ್ಟ ಹಡಗು. 1956ರಲ್ಲಿ ಇಂಗ್ಲೆಂಡಿನ ಟಾರ್ಬೆಯಿಂದ ಪೋರ್ತುಗಾಲದ ಲಿಸ್ಬನ್ನಿಗೆ ದೊಡ್ಡ ಹಾಯಿಹಡಗುಗಳ ಪಂದ್ಯವು ನಡೆದ ಮೇಲೆ ಆ ಹೆಸರು ಮತ್ತೆ ಜನಜನಿತವಾಯಿತು; ನೋಡುವವರು ಮಾತ್ರ ಅದು ಹಾಯಿಕಂಬದ ಎತ್ತರದಿಂದ ಬಂದುದೆಂದು ತಿಳಿಯುತ್ತಾರೆ.

ನೆಲದ ಮೇಲೆ ಶಬ್ದದ ಮಾನವು ಇಳಿಯುತ್ತಲೇ ಬಂದಿತು. ಹದಿನಾರನೆಯ ಶತಮಾನ ಮುಗಿಯುವ ಮುನ್ನವೇ ಅದು ಬರಿಯ ಅಳತೆಯ ಮಾತೂ ಆಯಿತು. ಎರಡಡಿಯ ಕೂಸನ್ನೂ ಎರಡಡಿ 'ಟಾಲ್' ಎನ್ನುವಂತಾಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದವರು ನಂಬಲಾಗದ ಬಡಾಯಿಯ ಕಥೆಗೆ ಅದನ್ನು ಅಂಟಿಸಿದರು. ಅದೇ ದೇಶದ ಒಂದು ಹೆಸರಾಂತ ಕಾಫಿ ಅಂಗಡಿಯಲ್ಲಿ ಈಗ 12 ಔನ್ಸಿನ ಲೋಟಕ್ಕೆ 'ಟಾಲ್' ಎಂದು ಹೆಸರು. ಅದಕ್ಕಿಂತ ದೊಡ್ಡವು ಇನ್ನೂ ಉಂಟು, ಅವುಗಳ ಹೆಸರು ಇಟಲಿಯವು.