ಸೀಸೆ ಕಳೆಯಿತು, ಕಪ್ಪೆ ಉಳಿಯಿತು

ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ನಮ್ಮ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೂತವರಿಗೆ ಹಳಿಯ ಪಕ್ಕದ ಗುಂಡಿಗಳಿಂದ ಕಪ್ಪೆಗಳ ವಟವಟ ಕೇಳದೇ ಇರುವುದಿಲ್ಲ. ಒಂದು ಕಪ್ಪೆ ಒಂದು ಥರ ಕೂಗಿದರೆ ಇನ್ನೊಂದು ಇನ್ನೊಂದು ಥರ. ಜೊತೆಗಿರುವ ಮಕ್ಕಳು ಸುಮ್ಮನಿರಬೇಕಲ್ಲ, "ಅದು ಯಾವ ಕಪ್ಪೆ?" ಅಂತ ಕೇಳುತ್ತಾರೆ. ನಾವು ದೊಡ್ಡವರು, "ಕಪ್ಪೆ ಅಂದ್ರೆ ಕಪ್ಪೆ ಕಣೋ" ಅಂತ ಹೇಳಿ ಬಾಯಿ ಮುಚ್ಚಿಸುತ್ತೇವೆ!

ಆದರೆ ಪ್ರಶ್ನೆ ಚಿಕ್ಕದಲ್ಲ. ಎರಡು ಕಪ್ಪೆ ಹಿಡಿದುಕೊಂಡು ಇದು ಅದೇ ಜಾತಿ, ಇದು ಬೇರೆ ಜಾತಿ ಅಂತ ಹೇಳುವುದು ಹೇಗೆ? ಇಬ್ಬರು ವಿಜ್ಞಾನಿಗಳಿಗೆ ಭಿನ್ನಾಭಿಪ್ರಾಯ ಬಂದರೆ ಪಂಚಾಯ್ತಿ ಮಾಡುವವರು ಯಾರು?

ಹಿಂದೆ ಸಂತೆಯಲ್ಲಿ ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. "ನಿನ್ನ ಸೇರು ಸಣ್ಣದು" ಅಂತ ಜಗಳ ಬಂದರೆ ಮಾತಿನಲ್ಲಿ ತೀರುವುದಿಲ್ಲ. ಮುದ್ರೆ ಒತ್ತಿದ ಸೇರು ತಂದು ಪಕ್ಕದಲ್ಲಿಟ್ಟು ಅಳೆದು ನೋಡಬೇಕು. ಜೀವಿಗಳ ಹೆಸರಿಗೂ ಇಂಥದೇ ಒಂದು ಮುದ್ರೆಯ ಸೇರು ಇದೆ. ಅದನ್ನು ಟೈಪ್ ಸ್ಪೆಸಿಮನ್ ಅನ್ನುತ್ತಾರೆ. ನಾವು ಮೂಲ ಮಾದರಿ ಅನ್ನೋಣ.

ಹೊಸ ಜೀವಿಯೊಂದಕ್ಕೆ ಹೆಸರಿಡುವಾಗ ಬರೀ ವರ್ಣನೆ ಬರೆದರೆ ಸಾಲದು. ಆ ಹೆಸರನ್ನು ಒಂದು ನಿಜವಾದ ದೇಹಕ್ಕೆ ಕಟ್ಟಬೇಕು. ಆ ಒಂದೇ ದೇಹ ಹೋಲೋಟೈಪ್. ಮುಂದೆ ಎಷ್ಟು ವರ್ಷವಾದರೂ, ಅನುಮಾನ ಬಂದವರು ಸಂಗ್ರಹಾಲಯಕ್ಕೆ ಹೋಗಿ ಸ್ಪಿರಿಟ್ಟಿನ ಸೀಸೆಯಿಂದ ಅದನ್ನು ತೆಗೆದು ಕಾಲು, ಬೆರಳು, ಹಲ್ಲು ಎಲ್ಲ ಅಳೆದು ನೋಡಬಹುದು. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ 1999ರ ನಂತರ ಹೆಸರಿಡುವ ಪ್ರತಿ ಹೊಸ ಪ್ರಭೇದಕ್ಕೂ ಮೂಲ ಮಾದರಿಯನ್ನು ಗೊತ್ತುಮಾಡಿ, ಅದನ್ನು ಎಲ್ಲಿ ಇಡಲಾಗಿದೆ ಅಂತ ಹೇಳಲೇಬೇಕು. ನಮಗೂ ಒಂದು ಮೂಲ ಮಾದರಿ ಇದೆ ಗೊತ್ತಾ? ಮನುಷ್ಯ ಜಾತಿಗೆ ಹೋಮೋ ಸೇಪಿಯನ್ಸ್ ಅಂತ 1758ರಲ್ಲಿ ಹೆಸರಿಟ್ಟ ಲಿನೇಯಸ್ ಸಾಹೇಬರೇ ಆ ಜಾತಿಯ ಮಾದರಿ ಅಂತ 1959ರಲ್ಲಿ ವಿಲಿಯಂ ಸ್ಟರ್ನ್ ಎಂಬ ಸಸ್ಯವಿಜ್ಞಾನಿ ಬರೆದರು. ಲಿನೇಯಸ್ ಸ್ವೀಡನ್ನಿನ ಉಪ್ಸಾಲಾ ಚರ್ಚಿನಲ್ಲಿ ಮಣ್ಣಾಗಿದ್ದಾರೆ. ಹಾಗಾಗಿ ಯಾರೂ ತೆಗೆದು ಅಳೆಯುವ ಗೋಜಿಗೆ ಹೋಗಿಲ್ಲ :)

ಸರಿ, ಈಗ ನಮ್ಮ ಕರ್ನಾಟಕದ ಕಥೆಗೆ ಬರೋಣ.

1882ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಬೂಲೆಂಜರ್ ಎಂಬ ವಿಜ್ಞಾನಿ, ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಇರುಳು ಹೊತ್ತು ಓಡಾಡುವ ಕಪ್ಪೆಗಳಿಗೆ ನಿಕ್ಟಿಬ್ಯಾಟ್ರಾಕಸ್ ಎಂಬ ಹೊಸ ಕುಲದ ಹೆಸರು ಕೊಟ್ಟರು. ಇರುಳುಗಪ್ಪೆ ಅಂತಲೇ ಅರ್ಥ. ಅದೇ 1882ರಲ್ಲಿ ಸಿ.ಆರ್. ನಾರಾಯಣರಾವ್ ಹುಟ್ಟಿದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದವರು ಇವರೇ. 1932ರಲ್ಲಿ ಬೆಂಗಳೂರಿನಿಂದ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಇವರೇ.

ಆವರೆಗೆ ನಮ್ಮ ಕಾಡಿನ ಕಪ್ಪೆಗಳಿಗೆ ಹೆಚ್ಚಾಗಿ ಹೆಸರಿಡುತ್ತಿದ್ದವರು ಬ್ರಿಟಿಷ್ ಅಧಿಕಾರಿಗಳು ಅಥವಾ ಅವರು ಸೀಸೆಯಲ್ಲಿ ಹಾಕಿ ಕಳಿಸಿದ್ದನ್ನು ನೋಡುತ್ತಿದ್ದ ಲಂಡನ್ನಿನ ಪಂಡಿತರು. ನಾರಾಯಣರಾವ್ ಇಲ್ಲೇ ಇದ್ದುಕೊಂಡು, ಇಲ್ಲಿಯ ಕಪ್ಪೆಗಳನ್ನು ಇಲ್ಲಿಯ ಕಾಲೇಜಿನಲ್ಲೇ ಅಧ್ಯಯನ ಮಾಡಿದರು. 1920ರಲ್ಲಿ ಕೊಡಗಿನ ಒಂದು ಇರುಳುಗಪ್ಪೆಗೆ 'ಸ್ಯಾಂಕ್ಟಿಪಲುಸ್ಟ್ರಿಸ್' ಅಂತ ಹೆಸರಿಟ್ಟರು. ಪವಿತ್ರ ಜೌಗಿನದು ಅಂತ ಅದರ ಅರ್ಥ. ಕಾವೇರಿ ಹುಟ್ಟುವ ನಾಡಿನ ಕಪ್ಪೆಗೆ ಎಂಥ ಒಳ್ಳೆ ಹೆಸರು ನೋಡಿ! 1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇನ್ನೊಂದು ದೊಡ್ಡ ಲೇಖನ ಬಂತು. ಸಕಲೇಶಪುರದ ಘಾಟಿಯ ಕೆಂಪುಹೊಳೆಯ ಕಪ್ಪೆಗೆ 'ಕೆಂಪ್‌ಹೊಳೆಯೆನ್ಸಿಸ್', ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಕಪ್ಪೆಗೆ 'ಕೊಟ್ಟಿಗೆಹಾರೆನ್ಸಿಸ್'. ನಾವೆಲ್ಲ ನೀರುದೋಸೆಗೆ ಅಂತ ಇಳಿಯುವ ಅದೇ ಕೊಟ್ಟಿಗೆಹಾರ, ಲ್ಯಾಟಿನ್ ವೇಷ ಹಾಕಿಕೊಂಡು ಪ್ರಪಂಚದ ಪುಸ್ತಕಗಳಲ್ಲಿ ಕೂತಿದೆ.

ಬೇಸರದ ಸಂಗತಿ ಇರುವುದು ಇಲ್ಲೇ. ನಾರಾಯಣರಾವ್ 1960ರಲ್ಲಿ ತೀರಿಕೊಂಡರು. ಅವರ ಕಪ್ಪೆಗಳ ಮೂಲ ಮಾದರಿಗಳು ಇವತ್ತು ಇಲ್ಲ. ನಂತರದ ಸಂಶೋಧಕರು ಈ ಪ್ರಭೇದಗಳ ಬಗ್ಗೆ ಬರೆಯುವಾಗ ಮೂಲ ಮಾದರಿಯ ಮುಂದೆ 'ಕಳೆದುಹೋಗಿದೆ' ಅಂತಲೇ ಬರೆಯಬೇಕಾಯಿತು. ಬೂಲೆಂಜರ್ ನೋಡಿದ ಕಪ್ಪೆಗಳು ಲಂಡನ್ನಿನಲ್ಲಿ ಇವತ್ತಿಗೂ ಇವೆ. ನಮ್ಮವರು ನಮ್ಮಲ್ಲೇ ಇಟ್ಟುಕೊಂಡವು ಹೋದವು. ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಹಾಗಂತ ಇಂಥ ನಷ್ಟ ನಮ್ಮ ದೇಶಕ್ಕೆ ಮಾತ್ರ ಅಲ್ಲ. 1943ರಲ್ಲಿ ಬಾಂಬು ಬಿದ್ದು ಬರ್ಲಿನ್ನಿನ ಸಸ್ಯಸಂಗ್ರಹದ ಬಹುಭಾಗ ಸುಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ಲಿನ ರಿಯೋ ಡಿ ಜನೈರೋದ ರಾಷ್ಟ್ರೀಯ ಮ್ಯೂಸಿಯಂಗೆ ಬೆಂಕಿ ಬಿತ್ತು. ಆದರೆ ಸಂಗ್ರಹ ಹಾಳಾಗಲು ಬಾಂಬು, ಬೆಂಕಿಯೇ ಬೇಕಿಲ್ಲ. ಸೀಸೆಯ ಮುಚ್ಚಳ ಸಡಿಲವಾದರೆ ಸ್ಪಿರಿಟ್ ಆರುತ್ತದೆ, ಮತ್ತೆ ತುಂಬಿಸುವವರು ಇಲ್ಲದಿದ್ದರೆ ಕಪ್ಪೆ ಒಣಗುತ್ತದೆ, ಚೀಟಿ ಉದುರಿದರೆ ಯಾವ ಕಪ್ಪೆ ಯಾವುದು ಅಂತಲೇ ತಿಳಿಯುವುದಿಲ್ಲ. ಸಂಗ್ರಹಿಸಿದವರು ನಿವೃತ್ತರಾದ ಮೇಲೆ ಅದು ಬೇರೆಯವರ ಕಣ್ಣಿಗೆ ಹಳೇ ಸೀಸೆ, ಅಷ್ಟೇ.

ಮಾದರಿ ಹೋದರೆ ಏನಾಗುತ್ತದೆ? ಉಳಿಯುವುದು ಮಾತು, ಚಿತ್ರ ಮಾತ್ರ. ಕೊಟ್ಟಿಗೆಹಾರದ ಕಪ್ಪೆಯನ್ನು ರಾವ್ ಪೊದೆಗಪ್ಪೆಗಳ ಕುಲಕ್ಕೆ ಸೇರಿಸಿದ್ದರು. ಅದು ನಿಜಕ್ಕೂ ತೊರೆಯ ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ 'ಕುಣಿಯುವ' ಮೈಕ್ರಿಕ್ಸಾಲಸ್ ಕುಲದ್ದು ಅಂತ ಆಮೇಲೆ ತೀರ್ಮಾನವಾಯಿತು. ಸೀಸೆ ಇದ್ದಿದ್ದರೆ ತೆಗೆದು ನೋಡಿ ಹೇಳಬಹುದಿತ್ತು. ಕೆಂಪುಹೊಳೆಯಿಂದಲೇ ರಾವ್ ವರ್ಣಿಸಿದ 'ಬ್ರೆವಿರೋಸ್ಟ್ರಿಸ್' ಎಂಬ ಮೋಟುಮೂತಿಯ ನೆಲಗಪ್ಪೆಯದ್ದಂತೂ ಇನ್ನೂ ಕಷ್ಟ. ದಶಕಗಳ ಕಾಲ ಅದರ ಬಗ್ಗೆ ಗೊತ್ತಿದ್ದದ್ದು ಆ ಮೊದಲ ವರ್ಣನೆಯಲ್ಲಿದ್ದಷ್ಟೇ. ಹೆಸರೇ ಅಲ್ಲಾಡುತ್ತಿದ್ದರೆ ಆ ಜೀವಿ ಎಷ್ಟು ಉಳಿದಿದೆ, ಎಲ್ಲಿದೆ, ಕಾಪಾಡಬೇಕೇ ಅಂತ ಲೆಕ್ಕ ಹಾಕುವುದಾದರೂ ಹೇಗೆ?

ಇದಕ್ಕೆ ನಿಯಮಾವಳಿಯಲ್ಲಿ ಒಂದು ದಾರಿ ಇದೆ. ಹಳೆಯ ಮಾದರಿ ಪೂರ್ತಿ ಕಳೆದಿದ್ದರೆ, ಗೊಂದಲ ಬಗೆಹರಿಸಲು ಬೇಕೇ ಬೇಕು ಅನ್ನಿಸಿದರೆ, ಹೊಸದೊಂದನ್ನು ಆ ಜಾಗದಲ್ಲಿ ಕೂರಿಸಬಹುದು. ಅದು ನಿಯೋಟೈಪ್. ಆದರೆ ಒಂದು ಷರತ್ತು. ಸಾಧ್ಯವಾದಷ್ಟೂ ಅದು ಮೊದಲಿನದು ಸಿಕ್ಕಿದ್ದ ಜಾಗದಿಂದಲೇ ಬಂದಿರಬೇಕು. ಅಂದರೆ ಕೆಂಪುಹೊಳೆಯ ಕಪ್ಪೆಗೆ ಕೆಂಪುಹೊಳೆಗೇ ಹೋಗಬೇಕು.

ಹೋದರು ಕೂಡ! ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ವರ್ಷಗಟ್ಟಲೆ ಘಟ್ಟದ ತೊರೆಗಳಲ್ಲಿ ಟಾರ್ಚು ಹಿಡಿದು ಹುಡುಕಿದರು. 2011ರಲ್ಲಿ 12 ಹೊಸ ಇರುಳುಗಪ್ಪೆಗಳ ಜೊತೆಗೆ ಮೂರು ಹಳೆಯ ಹೆಸರುಗಳಿಗೂ ಮತ್ತೆ ಜೀವ ಬಂತು. 1920ರ ಕೊಡಗಿನ ಪವಿತ್ರ ಜೌಗಿನ ಕಪ್ಪೆ 91 ವರ್ಷಗಳ ಮೇಲೆ ಸಿಕ್ಕಿತು. 1937ರ ಕೆಂಪುಹೊಳೆ ಕಪ್ಪೆ ಮತ್ತು 'ಸಿಲ್ವಾಟಿಕಸ್' ಎಂಬ ಕಾಡಿನ ಕಪ್ಪೆ ಏಳು ದಶಕಗಳ ಮೇಲೆ ಸಿಕ್ಕವು. ಮೂರೂ ನಾರಾಯಣರಾವ್ ಹೆಸರಿಟ್ಟವು. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಪೊದೆಗಪ್ಪೆಗಳ ಹೊಸ ಕುಲವೊಂದಕ್ಕೆ ಬಿಜು ಮತ್ತಿತರರು 'ರಾವೋರ್ಕೆಸ್ಟಿಸ್' ಅಂತ ಹೆಸರಿಟ್ಟಿದ್ದರು. ಅದರ ಮೊದಲ ಎರಡಕ್ಷರದಲ್ಲಿರುವ ರಾವ್ ನಮ್ಮ ಸೆಂಟ್ರಲ್ ಕಾಲೇಜಿನ ಮೇಷ್ಟ್ರೇ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇಷ್ಟು. ಸೀಸೆ ಕಳೆದರೂ ಹೆಸರು ಉಳಿದದ್ದು ಕಾಡಿನಲ್ಲಿ ಕಪ್ಪೆ ಇದ್ದದ್ದರಿಂದ. ಮುದ್ರೆಯ ಸೇರು ಕಳೆದರೆ ಇನ್ನೊಂದು ಮಾಡಿಸಬಹುದು, ಆದರೆ ಸೇರು ಎಷ್ಟಿರಬೇಕು ಅಂತ ಗೊತ್ತಿರುವ ಜಾಗ ಒಂದು ಉಳಿದಿರಬೇಕಲ್ಲ? ಕಪ್ಪೆಗೆ ಆ ಜಾಗ ಕೆಂಪುಹೊಳೆ, ಕೊಟ್ಟಿಗೆಹಾರ, ಕೊಡಗಿನ ಜೌಗು. ಆ ತೊರೆಯೂ ಬತ್ತಿದರೆ ಮತ್ತೆ ಹೋಗಿ ತರಲು ಏನೂ ಇರುವುದಿಲ್ಲ. ರಸ್ತೆ ಬೇಡ, ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಬರದ ಸೀಮೆಯವನಾಗಿ ಹಾಗೆ ಹೇಳುವ ಬಾಯಿ ನನಗಿಲ್ಲ. ಆದರೆ ಘಾಟಿಯಲ್ಲಿ ಒಂದು ತೊರೆ ಮುಚ್ಚುವ ಮೊದಲು ಅದು ಯಾವುದರ ವಿಳಾಸ ಅಂತ ಒಂದು ಸಲ ಕೇಳಿಕೊಳ್ಳಬಹುದು.

ಇನ್ನೊಂದು ಮಾತು. ಕಳೆದುಹೋದ ಮೂಲ ಮಾದರಿ ಎಂದಾದರೂ ಮತ್ತೆ ಸಿಕ್ಕರೆ ಅದರ ಜಾಗದಲ್ಲಿ ಕೂರಿಸಿದ ನಿಯೋಟೈಪ್ ತಾನಾಗಿಯೇ ಇಳಿದು ಹಳೆಯದಕ್ಕೆ ಜಾಗ ಬಿಡಬೇಕು, ಅದೂ ನಿಯಮವೇ. ಆದ್ದರಿಂದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಬೀರುವಿನ ಹಿಂದೆ ಧೂಳು ಹಿಡಿದ ಸೀಸೆ ಕಂಡರೆ ತಿಪ್ಪೆಗೆ ಎಸೆಯುವ ಮೊದಲು ಅದರ ಚೀಟಿಯನ್ನೊಮ್ಮೆ ಓದಿ.