ಮೆಷಿನ್ ನಮ್ಮದು, ಬೀಗದ ಕೈ ಯಾರದು?

ನಾನಿದ್ದ ವರ್ಕ್‌ಶಾಪಿನಲ್ಲಿ ಒಮ್ಮೆ ಕಂಟ್ರೋಲರಿನ ಬ್ಯಾಟರಿ ಸತ್ತು ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋದವು. ಬ್ಯಾಕಪ್ ಯಾರ ಹತ್ತಿರವೂ ಇರಲಿಲ್ಲ. ಮೆಷಿನ್ ಗಟ್ಟಿಮುಟ್ಟಾಗಿತ್ತು, ಕೆಲಸ ಗೊತ್ತಿದ್ದ ನಾವೂ ಇದ್ವಿ. ಆದರೂ ಕಂಪನಿಯ ಟೆಕ್ನಿಷಿಯನ್ ಬರೋ ತನಕ ಒಂಬತ್ತು ದಿನ ಸುಮ್ನೆ ಕೂತ್ವಿ. ಆ ತಿಂಗಳು ಓವರ್‌ಟೈಮ್ ಇಲ್ಲ. ಊರಿಗೆ ಕಳಿಸಿದ ಹಣವೂ ಕಡಿಮೆ.

ಈ ಬೀಗಕ್ಕೊಂದು ಚರಿತ್ರೆ ಇದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ, ತೂತು ಹೊಡೆದ ಪಟ್ಟಿಯನ್ನು ಓದಿ ನಡೆಯುವ ಮಿಲ್ಲಿಂಗ್ ಮೆಷಿನ್ ಪ್ರದರ್ಶನವಾಯಿತು. ಮೂಲ ಆಲೋಚನೆ ಜಾನ್ ಪಾರ್ಸನ್ಸ್ ಅವರದು, ದುಡ್ಡು ವಾಯುಪಡೆಯದು. ಮುಂದೆ ಕಂಪ್ಯೂಟರ್ ಸೇರಿ ಸಿಎನ್‌ಸಿ ಆಯಿತು. ಜಪಾನಿನ ಫಾನುಕ್, ಜರ್ಮನಿಯ ಸೀಮೆನ್ಸ್‌ನಂಥ ಕಂಪನಿಗಳು ಕಂಟ್ರೋಲರ್ ಮಾರಿದವು. ವರ್ಷಗಟ್ಟಲೆ ಕೆಡದೆ ಓಡೋದು ಅವುಗಳ ಹೆಚ್ಚುಗಾರಿಕೆ. ಒಳಗಿನ ಕೋಡ್ ಮಾತ್ರ ಗುಟ್ಟು.

1990ರ ದಶಕದಲ್ಲಿ ಅಮೆರಿಕ ಸರ್ಕಾರದ ನಿಸ್ಟ್ ಸಂಸ್ಥೆ ಇಎಂಸಿ ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಬರೆಯಿತು. ಸರ್ಕಾರಿ ಕೆಲಸವಾದ್ದರಿಂದ ಅದು ಎಲ್ಲರ ಸೊತ್ತಾಯಿತು. ಆಸಕ್ತರು ಅದನ್ನು ಬೆಳೆಸಿದರು. ಅದೇ ಹೆಸರಿನ ಕಂಪನಿಯೊಂದು ತಕರಾರು ತೆಗೆದಾಗ, 2011ರಲ್ಲಿ ಲಿನಕ್ಸ್‌ಸಿಎನ್‌ಸಿ ಎಂಬ ಹೆಸರು ಬಂತು. ಕಂಟ್ರೋಲರ್ ಕೆಟ್ಟು ಗುಜರಿ ಸೇರಬೇಕಿದ್ದ ಎಷ್ಟೋ ಮೆಷಿನ್‌ಗಳು ಇದರಿಂದ ಮತ್ತೆ ಓಡಿವೆ. ಆದರೆ ವೈರಿಂಗ್, ಟ್ಯೂನಿಂಗ್, ಸುರಕ್ಷತೆ ಎಲ್ಲದರ ಹೊಣೆ ನಮ್ಮ ತಲೆ ಮೇಲೇ.

ದೊಡ್ಡ ಶಾಪುಗಳಲ್ಲಿ ನಾಳೆಯೂ ಬೀಗದ ಪೆಟ್ಟಿಗೆಯೇ ಇರುತ್ತೆ. ಆದರೆ ಲಿನಕ್ಸ್‌ಸಿಎನ್‌ಸಿಯನ್ನು ಮೆಷಿನ್ ಇಲ್ಲದೆಯೂ ರೂಮಿನ ಹಳೇ ಪಿಸಿಯಲ್ಲಿ ಓಡಿಸಿ ಕಲೀಬಹುದು. ಅದರ ಸೆಟ್ಟಿಂಗ್ ಎಲ್ಲ ಸಾದಾ ಟೆಕ್ಸ್ಟ್ ಫೈಲು. ತೆರೆದು ಓದಬಹುದು, ಪೆನ್‌ಡ್ರೈವಿಗೆ ಹಾಕಿ ಜೇಬಲ್ಲಿ ಇಟ್ಕೋಬಹುದು. ಆ ಒಂಬತ್ತು ದಿನ ಕೂತವರಿಗೆ ಇದರ ಬೆಲೆ ಗೊತ್ತು.